ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಅಧ್ಯಕ್ಷರು ಹೇಳಿದಾಗ ನನಗೆ ನೆನಪಾದದ್ದು ಮೈಸೂರಿನ ಒಂದು ಅಂಗಡಿ ಸಾಲು. ನಮ್ಮ ಸಂಘಕ್ಕೂ ಅದಕ್ಕೂ ಏನು ಸಂಬಂಧ ಅಂತ ಸದಸ್ಯ ಬಾಂಧವರು ಕೇಳಬಹುದು. ಸಂಬಂಧ ಇದೆ, ಹೇಳುತ್ತೇನೆ.

ಹೊಳೆನರಸೀಪುರದ ಕಡೆಯವರಿಗೆ ಮೈಸೂರು ಹೊಸದಲ್ಲ. ನಾನು ಎಸ್.ಎಸ್.ಎಲ್.ಸಿ. ಓದುವಾಗ ನಮ್ಮ ತಂದೆಯವರು ಹಳೇ ಪುಸ್ತಕ ಕೊಡಿಸಿದ್ದು ಜಗನ್ಮೋಹನ ಅರಮನೆ ಹತ್ತಿರದ ಈ ಲ್ಯಾನ್ಸ್‌ಡೌನ್ ಕಟ್ಟಡದಲ್ಲೇ. ಅರ್ಧ ಬೆಲೆಗೆ ಸಿಗುತ್ತಿತ್ತು. ಹಿಂದೆ ಓದಿದವರು ಮುಖ್ಯ ಪ್ರಶ್ನೆಗಳಿಗೆ ಪೆನ್ಸಿಲ್ ಗುರುತು ಹಾಕಿರುತ್ತಿದ್ದರು, ಅದು ಇನ್ನೂ ಅನುಕೂಲ!

ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ, ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಈ ಹೆಸರು. ಈಗ ನಾವು ದಸರಾದಲ್ಲಿ ನೋಡುವ ಅರಮನೆ ಕಟ್ಟಿ ಮುಗಿಸಿದ್ದು 1912ರಲ್ಲಿ. ಅಂದರೆ ಈ ಅಂಗಡಿ ಸಾಲು ಅರಮನೆಗಿಂತ ಹಳೆಯದು. ಯೂರೋಪಿನ ಪುರಾತನ ಕಟ್ಟಡಗಳ ಅಂದವನ್ನು ಮತ್ತೆ ತರುವ ಶೈಲಿ ಆಗ ನಡೆಯುತ್ತಿತ್ತು, ಅದನ್ನೇ ಅನುಸರಿಸಿದ್ದಾರೆ. ಕೆಳಗೆ ಮಳಿಗೆಗಳು, ಮೇಲೊಂದು ಅಂತಸ್ತು, ಇಟ್ಟಿಗೆ ಗೋಡೆಗೆ ಸುಣ್ಣದ ಗಾರೆ.

ಚಾವಣಿ ಆ ಕಾಲದ ಮದ್ರಾಸ್ ತಾರಸಿ. ಮರದ ತೊಲೆ ಜಂತೆಗಳ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಗಾರೆ ಬಡಿದು ಗಟ್ಟಿ ಮಾಡುವುದು. ನೀರು ಇಳಿಯದಿದ್ದರೆ ನೂರು ವರ್ಷಕ್ಕೂ ಏನೂ ಆಗದು. ಬಿರುಕು ಬಿಟ್ಟು ನೀರು ಇಳಿಯಿತೋ, ಗೋಡೆಯೊಳಗೆ ಸೇರಿರುವ ಜಂತೆಯ ತುದಿ ಮೊದಲು ಕೊಳೆಯುತ್ತದೆ. ಕೆಳಗೆ ನಿಂತವನಿಗೆ ಅದು ಕಾಣುವುದೇ ಇಲ್ಲ.

2012ರ ಆಗಸ್ಟ್ 25ರಂದು ಈ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. ಅಂಗಡಿಗಳೆಲ್ಲ ಖಾಲಿಯಾದವು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆಮೇಲೆ ಎರಡಕ್ಕೂ ಒಂದೇ ಜಗಳ: ಕೆಡವಿ ಕಟ್ಟಬೇಕೋ, ಇರುವುದನ್ನೇ ರಿಪೇರಿ ಮಾಡಬೇಕೋ ಎಂದು. ಹೈಕೋರ್ಟಿನವರೆಗೂ ಹೋಯಿತು. ರಿಪೇರಿಯೇ ಸರಿ ಅನ್ನುವವನು ನಾನು. ಆದರೆ ಆ ಮಾತು ನಾಲ್ಕು ಜೀವ ಹೋಗುವ ಮೊದಲು ಬರಬೇಕಿತ್ತು.

ಇನ್ನು ನಮ್ಮ ವಿಷಯ. ಸಂಘದ ಗೋದಾಮು ಸೋರುತ್ತದೆ ಎಂದು ಆಡಳಿತ ಮಂಡಳಿಯ ಮೂರು ಸಭೆಯಲ್ಲಿ ಪ್ರಸ್ತಾಪ ಬಂತು. ಮೂರು ಸಲವೂ 'ಮುಂದಿನ ಸಭೆಗೆ ಇಡುವುದು' ಅಂತ ಬರೆದು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಯೂರಿಯಾ ಮೂಟೆ ನೆನೆದು ಗಡ್ಡೆ ಕಟ್ಟಿದಾಗಲೇ ನಮಗೆ ಎಚ್ಚರ ಆದದ್ದು. ಈ ಬೇಸಿಗೆಯಲ್ಲಿ ಹಂಚು ಇಳಿಸಿ ನೋಡಿದರೆ ಎರಡು ಜಂತೆಯ ತುದಿ ಕೈಯಲ್ಲೇ ಪುಡಿಯಾಯಿತು. ಕೆಳಗೆ ದಿನಾ ಹಮಾಲರು ಓಡಾಡುವ ಜಾಗ ಅದು. ಜಂತೆ ಎರಡನ್ನೂ ಬದಲಾಯಿಸಿದ್ದೇವೆ. ಲೆಕ್ಕ ವಾರ್ಷಿಕ ವರದಿಯಲ್ಲಿದೆ, ಸದಸ್ಯರು ನೋಡಬಹುದು.