ಕಾಳಿಯ ಹೊಲ, ನಾಗಪುರದ ಬೇಲಿ

ನಾಗಪುರದ ಹೆಸರು ತೀರ ಹಿಂದೆ ಕಾಣಿಸಿಕೊಳ್ಳುವುದು ಕನ್ನಡ ನಾಡಿನ ದೊರೆಯೊಬ್ಬನ ತಾಮ್ರಪಟದಲ್ಲಿ. ಇಂದಿನ ವಾರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ ಆ ಪಟ ಶಕ 862ರದು, ಅಂದರೆ ಕ್ರಿ.ಶ. 940. ನಾಗಪುರ-ನಂದಿವರ್ಧನ ಎಂಬ ವಿಭಾಗದ ಒಂದು ಹಳ್ಳಿಯನ್ನು ರಾಷ್ಟ್ರಕೂಟರ ಮೂರನೇ ಕೃಷ್ಣ ದಾನ ಕೊಟ್ಟ ದಾಖಲೆ ಅದು. ನಮ್ಮ ಶಾಸನಗಳಲ್ಲಿ ಕನ್ನರದೇವನೆಂದು ಬರುವವನು ಇವನೇ. ಇದಾಗಿ ಹತ್ತು ವರ್ಷದೊಳಗೆ, ಇವನದೇ ಆಳ್ವಿಕೆಯಲ್ಲಿ, ಬಹುದೂರ ತೆಂಕಣಕ್ಕೆ ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಇನ್ನೊಂದು ಭೂದಾನ ನಡೆಯಿತು. ಅದು ನಡೆದದ್ದು ಒಂದು ನಾಯಿಯ ನೆನಪಿಗೆ.

ನಾಯಿಯ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಕೃಷ್ಣನ ಕಡೆಯ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೇರ ಆ ಕಾಳಗದಲ್ಲಿ ಮೆರೆದ. ಮೆಚ್ಚಿದ ಒಡೆಯ ಬೇಕಾದ್ದು ಕೇಳೆಂದಾಗ ಅವನು ಊರು ಕೇಳಲಿಲ್ಲ, ಪಟ್ಟ ಕೇಳಲಿಲ್ಲ; ಕಾಳಿಯನ್ನು ಕೊಡಿ ಎಂದ. ಮುಂದೆ ಕೆಲಲೆ ನಾಡಿನಲ್ಲಿ, ಬೆಳತೂರಿನ ಪಡುವಣ ಬೆಟ್ಟದಲ್ಲಿ, ದೊಡ್ಡ ಕಾಡುಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಒಂದನ್ನೊಂದು ಕೊಂದು ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆಂದು ಗುಡಿಯ ಗೊರವನಿಗೆ ಕಟ್ಟಳೆಯನ್ನೂ ಬರೆಸಿದರು. ಕಲ್ಲಿನ ಮೇಲ್ಭಾಗದಲ್ಲಿ ಹಂದಿಯೂ ನಾಯಿಯೂ ಎದುರುಬದುರಾಗಿ ಸೆಣಸುವ ಚಿತ್ರವಿದೆ. ಹಂದಿ ಮೈತುಂಬ ದಪ್ಪ, ನಾಯಿ ಸಣ್ಣದು. ಸುತ್ತಲೂ ಹಳಗನ್ನಡದ ಅಕ್ಷರಗಳು. ಸಾಮ್ರಾಜ್ಯಗಳ ಗತಿ ತಿರುಗಿಸಿದ ಯುದ್ಧದ ಸುದ್ದಿ ಇತಿಹಾಸಕಾರರಿಗೆ ನಾಯಿಯೊಂದಕ್ಕೆ ನೆಟ್ಟ ಈ ಕಲ್ಲಿನಿಂದಲೂ ಸಿಕ್ಕಿತು.

ಇಂದು ನಾಗಪುರದಂಥ ಊರಿನಲ್ಲಿ ನಾಯಿಗೆ ಓಡಲು ಭದ್ರವಾದ ಬೇಲಿ ಹಾಕಿದ ಹೊಲ, ಅದನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು ಎಂದರೆ ಹಲವರಿಗೆ ಅದು ಕಾಸಿದ್ದವರ ಹೊಸ ಶೋಕಿಯಂತೆ ಕಾಣುತ್ತದೆ. ಆದರೆ ನಾಯಿಗೂ ನೆಲಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಕಾಳಿಯ ಕಾಲದಲ್ಲಿ ಓಡಲು ಬೆಟ್ಟವಿತ್ತು, ಬಯಲಿತ್ತು. ನೆಲ ಬೇಕಾದದ್ದು ಸತ್ತ ಮೇಲೆ ಪೂಜೆಗೆ. ಈಗ ಬದುಕಿರುವಾಗಲೇ ಬೇಕಾಗಿದೆ.

ಓಟವೆಂದರೇನು ಎಂಬುದನ್ನು ಮುಧೋಳದ ನಾಯಿಯಲ್ಲಿ ನೋಡಬೇಕು. ಘಟಪ್ರಭೆಯ ಸೀಮೆಯ ಈ ಬೇಟೆನಾಯಿಯನ್ನು ಬೇಡರೂ ಅಲೆಮಾರಿಗಳೂ ಸಾಕಿಕೊಂಡು ಬಂದಿದ್ದರು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಅದರ ಕಸುವು ಕಂಡು ತಳಿಯನ್ನು ಕಾಪಾಡಿದರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಉಡುಗೊರೆಯಾಗಿ ಕೊಟ್ಟ ಮೇಲೆ ‘ಮುಧೋಳ ಹೌಂಡ್’ ಎಂಬ ಹೆಸರು ನಿಂತಿತು. 2005ರ ಜನವರಿಯಲ್ಲಿ ಅಂಚೆ ಇಲಾಖೆ ಭಾರತದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ತಂದಾಗ ಅವುಗಳಲ್ಲಿ ಇದೂ ಒಂದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ; ಅಲ್ಲಿಂದ 2016ರಲ್ಲಿ ಮರಿಗಳು ಮೇರಠಿನ ಸೇನಾ ಕೇಂದ್ರಕ್ಕೆ ಹೋದವು.

ಸುಗ್ಗಿ ಮುಗಿದ ಎರೆಹೊಲದಲ್ಲಿ ಮೊಲವೊಂದು ಎದ್ದರೆ ಈ ನಾಯಿ ಬಿಲ್ಲಿನಂತೆ ಬೆನ್ನು ಬಾಗಿಸುತ್ತದೆ. ಹಿಂಗಾಲು ಮುಂಗಾಲುಗಳನ್ನು ದಾಟಿ ಮುಂದೆ ಬೀಳುತ್ತವೆ. ಮರುಕ್ಷಣ ಮೈ ಚಾಚಿ ನೇರವಾಗುತ್ತದೆ. ಒಂದೊಂದು ದಾಪಿಗೂ ಎರಡು ಸಲ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ. ಇದು ಮೂಸಿ ಹುಡುಕುವ ನಾಯಿಯಲ್ಲ, ಕಂಡು ಅಟ್ಟುವ ನಾಯಿ. ಕಣ್ಣಿಗೆ ಬೇಟೆ ಬಿದ್ದಮೇಲೆ ಒಡೆಯ ಎಷ್ಟು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ. ತಳಿಯ ಗುಣವೇ ಹಾಗೆ. ಅದನ್ನು ಹಟ ಎನ್ನುವುದು ತಪ್ಪು. ಅಂಥ ನಾಯಿ ಈಗ ಊರಿನ ಮೂರನೇ ಮಹಡಿಯ ಫ್ಲಾಟಿನಲ್ಲಿದ್ದರೆ, ಚೈನು ಬಿಚ್ಚಿದ ಮೊದಲ ನಿಮಿಷದಲ್ಲೇ ರಿಂಗ್ ರೋಡಿನ ಲಾರಿಗಳ ನಡುವೆ ಇರುತ್ತದೆ.

ಬೇಲಿಯೊಳಗೆ ನಾಯಿ ಓಡಿಸುವ ವ್ಯಾಪಾರ ಮೊದಲು ಬೆಳೆದದ್ದು ಇಂಗ್ಲೆಂಡಿನಲ್ಲಿ. ಅದರ ಆರಂಭ ಚೆನ್ನಾಗಿರಲಿಲ್ಲ. 1876ರಲ್ಲಿ ಸಸೆಕ್ಸ್ ಸೀಮೆಯ ಪ್ಲಂಪ್ಟನ್ನಿನಲ್ಲಿ ಬೇಲಿ ಹಾಕಿದ ಮೈದಾನದೊಳಗೆ ಮೊಲ ಬಿಟ್ಟು, ಅದರ ಹಿಂದೆ ಗ್ರೇಹೌಂಡ್ ಬಿಟ್ಟು, ನೋಡುವವರಿಂದ ಹಣ ಪಡೆದರು. ಅರ್ಧ ಶತಮಾನದ ನಂತರ, 1926ರಲ್ಲಿ, ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನದಲ್ಲಿ ಮೊಲದ ಬದಲು ಯಂತ್ರದ ಮೊಲ ಬಂತು. ಬಾಜಿ, ಜಯಘೋಷ ಇಲ್ಲದೆ ಬರೀ ನಾಯಿಯ ಸುಖಕ್ಕೆಂದು ಬೇಲಿ ಹಾಕಿದ್ದು ಬಹಳ ತಡವಾಗಿ. 1979ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಸುರಂಗ ರೈಲುಮಾರ್ಗಕ್ಕಾಗಿ ಅಗೆದು ಮುಚ್ಚಿದ ಖಾಲಿ ಜಾಗದಲ್ಲಿ ಓಲೋನಿ ನಾಯಿ ಉದ್ಯಾನ ಶುರುವಾಯಿತು. ಈಗ ಬ್ರಿಟನ್ನಿನ ರೈತರು ಹೊಲದ ಒಂದೆರಡು ಎಕರೆಗೆ ಆಳೆತ್ತರದ ಜಾಲರಿ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಒಂದು ಹೊತ್ತಿಗೆ ಒಂದೇ ಮನೆಯವರು. ಮುಂದಿನವರು ಬರುವ ಮುನ್ನ ಕೆಲವು ನಿಮಿಷ ಖಾಲಿ. ಅಲ್ಲಿ ಕುರಿಗಳನ್ನು ಅಟ್ಟಿದ ನಾಯಿಯ ಮಾಲೀಕನ ಮೇಲೆ 1953ರ ಕಾಯ್ದೆಯಡಿ ಕ್ರಮವಾಗುತ್ತದೆ, ಆದ್ದರಿಂದ ಊರ ಹೊರಗಿನ ಬಯಲೂ ನಾಯಿಗೆ ಮುಕ್ತವಲ್ಲ. ಬೇರೆ ನಾಯಿ ಕಂಡರೆ ಹೆದರುವಂಥದು, ಕಿವುಡಾದದ್ದು, ಹೊಡೆತ ತಿಂದು ಆಶ್ರಯಕ್ಕೆ ಬಂದದ್ದು, ಇಂಥವುಗಳಿಗೆ ಅಲ್ಲಿ ಒಂಟಿಯಾಗಿ ಸಿಗುವ ಅರ್ಧ ಗಂಟೆಯೇ ದೊಡ್ಡದು.

ನಮ್ಮಲ್ಲಿ ಸಾರ್ವಜನಿಕವಾಗಿ ಇಂಥ ಜಾಗ ಮಾಡಿದ್ದಕ್ಕೆ ಹತ್ತಿರದ ಉದಾಹರಣೆ ಹೈದರಾಬಾದಿನ ಕೊಂಡಾಪುರ. ಅಲ್ಲಿನ ಮಹಾನಗರಪಾಲಿಕೆ 2018ರಲ್ಲಿ ಕಸ ಸುರಿಯುತ್ತಿದ್ದ ಜಾಗವನ್ನು ನಾಯಿಗಳ ಉದ್ಯಾನ ಮಾಡಿತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಭಾನುವಾರ ನಾಯಿ ಸಾಕಿದವರು ಸೇರುತ್ತಾರೆ; 2022ರಲ್ಲಿ ಅಲ್ಲಿಗೆ ನಾಯಿ ತರುವುದನ್ನೇ ನಿಲ್ಲಿಸುವ ಪ್ರಸ್ತಾಪ ಬಂದು, ಗದ್ದಲವಾಗಿ, ಕೈಬಿಟ್ಟದ್ದೂ ಉಂಟು. ಆತಕೂರಿನ ಕಲ್ಲು ಈಗ ಇರುವುದು ಆ ಪಾರ್ಕಿನ ಮಗ್ಗುಲಿನಲ್ಲೇ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಭಾನುವಾರ ನಾಯಿ ಹಿಡಿದು ಬರುವವರು ಒಮ್ಮೆ ಒಳಗೆ ಹೋಗಿ ಕಾಳಿಯನ್ನು ನೋಡಿ ಬರಬೇಕು.

ನಾಗಪುರದ ಕತೆ ಬೇರೆ ಹಾದಿ ಹಿಡಿಯಿತು. ಇಲ್ಲಿ ನಾಯಿ ಮತ್ತು ನೆಲದ ಪ್ರಶ್ನೆ ಬಂದದ್ದು ನ್ಯಾಯಾಲಯದ ಮೂಲಕ, ಅದೂ ಬೀದಿನಾಯಿಯ ನೆಪದಲ್ಲಿ. ಈ ಜಗಳದ ಬೇರು ಹಳೆಯದು. ಬೊಂಬಾಯಿಯಲ್ಲಿ ಪೊಲೀಸರು ಬೀದಿನಾಯಿಗಳನ್ನು ಕೊಲ್ಲತೊಡಗಿದಾಗ 1832ರ ಜೂನ್ ತಿಂಗಳಲ್ಲಿ ಪಾರ್ಸಿಗಳು ಬೀದಿಗಿಳಿದು ಊರನ್ನೇ ಸ್ತಬ್ಧಗೊಳಿಸಿದ್ದರು. ಆಮೇಲೂ ದೇಶದ ಪುರಸಭೆಗಳು ಕೊಲ್ಲುವ ಹಾದಿಯನ್ನು ಬಿಡಲಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ಬಂದ ನಿಯಮಗಳು ದಾರಿ ಬದಲಿಸಿದವು: ಹಿಡಿದು, ಸಂತಾನಹರಣ ಮಾಡಿ, ಚುಚ್ಚುಮದ್ದು ಹಾಕಿ, ಹಿಡಿದಲ್ಲೇ ಬಿಡುವುದು. 2023ರಲ್ಲಿ ಅವು ಹೊಸ ರೂಪದಲ್ಲಿ ಬಂದವು.

ನಾಗಪುರದ ಬೀದಿನಾಯಿ ಹಾವಳಿಯ ಬಗ್ಗೆ 2006ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರ ಅಕ್ಟೋಬರ್ 20ರಂದು ಒಂದು ಆದೇಶ ಕೊಟ್ಟಿತು. ಸಾರ್ವಜನಿಕ ಜಾಗದಲ್ಲಿ, ಉದ್ಯಾನದಲ್ಲಿ ಬೀದಿನಾಯಿಗೆ ಅನ್ನ ಹಾಕುವಂತಿಲ್ಲ. ಹಾಕಬೇಕೆನ್ನುವವರು ಅದನ್ನು ದತ್ತು ಪಡೆದು, ಪಾಲಿಕೆಯಲ್ಲಿ ನೋಂದಾಯಿಸಿ, ಮನೆಯಲ್ಲಿ ಸಾಕಲಿ ಎಂದಿತು. ನವೆಂಬರ್ 16ರಂದು ಸುಪ್ರೀಂ ಕೋರ್ಟ್ ದತ್ತು ಪಡೆಯಲೇಬೇಕೆಂಬ ಮಾತಿಗೆ ತಡೆ ಕೊಟ್ಟು, ಅನ್ನ ಹಾಕಲು ತಕ್ಕ ಜಾಗಗಳನ್ನು ಗುರುತಿಸಿ ಎಂದು ನಾಗಪುರ ಮಹಾನಗರಪಾಲಿಕೆಗೆ ಹೇಳಿತು. 2025ರ ನವೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ರೈಲು ನಿಲ್ದಾಣಗಳ ಒಳಗೆ ನಾಯಿ ಬಾರದಂತೆ ಬೇಲಿ ಕಟ್ಟಿಸಿ ಎಂದಿತು. ಕಚ್ಚಿಸಿಕೊಂಡ ಮಗುವಿನ ತಾಯಿಯ ಅಳಲು ಸುಳ್ಳಲ್ಲ, ಅನ್ನ ಹಾಕುವವರ ಕರುಣೆಯೂ ಸುಳ್ಳಲ್ಲ. ಆದರೆ ಮೂರು ವರ್ಷದ ಈ ಆದೇಶಗಳನ್ನು ಒಟ್ಟಿಗಿಟ್ಟು ಓದಿದರೆ ನಾಯಿ ಎಲ್ಲಿ ಉಣ್ಣಬಹುದು, ಎಲ್ಲಿಗೆ ಬರಬಾರದು ಎಂಬ ಮಾತಿದೆ; ಎಲ್ಲಿ ಓಡಬಹುದು ಎಂಬ ಪ್ರಶ್ನೆ ಇನ್ನೂ ಯಾರ ಮುಂದೆಯೂ ಬಂದಿಲ್ಲ.

ಅಂಬಾಝರಿ, ಫುಟಾಳಾ ಕೆರೆಗಳ ದಡ, ಸೆಮಿನರಿ ಹಿಲ್ಸ್, ಊರ ನಡುವಿನ ಕಸ್ತೂರಚಂದ್ ಪಾರ್ಕ್ — ಬಯಲಿಗೆ ಬಡ ಊರಲ್ಲ ನಾಗಪುರ. ಮಹಾರಾಷ್ಟ್ರದ ಪಶುವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ 2000ರಿಂದ ಇಲ್ಲೇ ಇದೆ, 1958ರಲ್ಲಿ ಶುರುವಾದ ಪಶುವೈದ್ಯ ಕಾಲೇಜೂ ಇದೆ. ತಿಳಿದವರಿಗೆ ಕೊರತೆಯಿಲ್ಲ. ಕೊರತೆಯಿರುವುದು ಸಾಕುನಾಯಿಯ ಚೈನನ್ನು ಭಯವಿಲ್ಲದೆ ಬಿಚ್ಚುವ ಒಂದು ಎಕರೆಗೆ.

ಪ್ರಾಣಿಗೆ ಬೇಲಿ ಹಾಕಿದ ಜಾಗ ಈ ಸೀಮೆಗೆ ಹೊಸದೇನೂ ಅಲ್ಲ. 1871ರ ಜಾನುವಾರು ಅತಿಕ್ರಮಣ ಕಾಯ್ದೆ ಊರೂರಿಗೂ ಕೊಂಡವಾಡ ತಂದಿತು. ಆ ಹೆಸರು ವಿದರ್ಭದಲ್ಲೂ ನಡೆಯುತ್ತದೆ, ಉತ್ತರ ಕರ್ನಾಟಕದಲ್ಲೂ ನಡೆಯುತ್ತದೆ. ಬೆಳೆ ಮೇಯ್ದ ದನವನ್ನು ಅಲ್ಲಿ ಕೂಡಿಹಾಕುತ್ತಿದ್ದರು. ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ನಾಯಿಯ ಹೊಲದಲ್ಲಿ ಒಡೆಯ ಹಣ ಕೊಡುವುದು ಒಳಗೆ ಬಿಡಲಿಕ್ಕೆ. ದನಕ್ಕೆ ಸೆರೆಯಾಗಿದ್ದ ಗೋಡೆ ನಾಯಿಗೆ ಬಯಲಾಗುತ್ತದೆ, ಅದು ಗಟ್ಟಿಯಾಗಿದ್ದರೆ ಮಾತ್ರ.

ಗಟ್ಟಿಯಾಗಿ ಕಟ್ಟುವುದೇ ನಾಗಪುರದಲ್ಲಿ ಕಷ್ಟ. ಮೊದಲು ಕಾಗದದ ಕೆಲಸ. ಮಹಾರಾಷ್ಟ್ರದ 1966ರ ಭೂಕಂದಾಯ ಸಂಹಿತೆಯ ಪ್ರಕಾರ ಬೇಸಾಯದ ನೆಲವನ್ನು ಬೇರೆ ಉಪಯೋಗಕ್ಕೆ ತರುವುದಾದರೆ ಅದಕ್ಕೆ ವಿಧಿ ಇದೆ. ನಮ್ಮ ಪಹಣಿಯಂತೆ ಅಲ್ಲಿ ಸಾತ್‌ಬಾರಾ, ನಮ್ಮ ಭೂಪರಿವರ್ತನೆಯಂತೆ ಅಲ್ಲಿ ಎನ್‌ಎ. ಊರಿನ ಒಳಗಾದರೆ 1930ರ ದಶಕದಿಂದ ಬಡಾವಣೆ ಮಾಡುತ್ತ ಬಂದ ನಾಗಪುರ ಸುಧಾರ ಪ್ರನ್ಯಾಸವನ್ನೂ ಪಾಲಿಕೆಯನ್ನೂ ಕೇಳಬೇಕು.

ಆಮೇಲೆ ಬಿಸಿಲು. 2013ರ ಮೇ 23ರಂದು ನಾಗಪುರದಲ್ಲಿ 47.9 ಡಿಗ್ರಿ ದಾಖಲಾಗಿತ್ತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರು ಬಿಟ್ಟರೆ ನಾಲಿಗೆ ಚಾಚಿ ಏದುವುದೇ ಅದರ ತಂಪು. ಮೇ ತಿಂಗಳಲ್ಲಿ ಬೆಳಗ್ಗೆ ಏಳರ ಮೇಲೆ ಇಲ್ಲಿ ನಾಯಿ ಓಡಿಸಿದರೆ ಅದರ ಜೀವಕ್ಕೇ ಅಪಾಯ. ಹಾಗಾಗಿ ಬೇಸಿಗೆಯಲ್ಲಿ ಬಾಡಿಗೆ ಹುಟ್ಟುವುದು ನಸುಕಿನ ಎರಡು ಗಂಟೆ ಮತ್ತು ಕತ್ತಲಾದ ಮೇಲೆ. ದೀಪ ಬೇಕು, ನೆರಳು ಬೇಕು, ನೀರಿನ ತೊಟ್ಟಿ ದಿನಕ್ಕೊಮ್ಮೆ ತೊಳೆಯಬೇಕು. ಮಳೆಗಾಲದಲ್ಲಿ ಹುಲ್ಲು ಎದ್ದರೆ ಉಣ್ಣೆ ಏರುತ್ತದೆ, ಹಾವು ಸೇರುತ್ತದೆ. ಕತ್ತಲೆಗೆ ಇನ್ನೊಂದು ಭಯವೂ ಇದೆ: ಗೋರೆವಾಡಾ ಕಾಡು ಊರಿಗೆ ಅಂಟಿಕೊಂಡಿದೆ, 2021ರ ಬೇಸಿಗೆಯಲ್ಲಿ ಐಟಿ ಪಾರ್ಕ್ ಸುತ್ತಲಿನ ಮನೆಗಳ ನಡುವೆ ಚಿರತೆ ಕಾಣಿಸಿಕೊಂಡಿತ್ತು. ಚಿರತೆಗೆ ನಾಯಿ ಸುಲಭದ ಊಟ. ಇಲ್ಲಿನ ಬೇಲಿ ನಾಯಿಯನ್ನು ಒಳಗಿಡುವುದರ ಜೊತೆಗೆ ಹೊರಗಿನದನ್ನು ಹೊರಗೇ ಇಡಬೇಕು.

ಗೇಟು ಒಂದಲ್ಲ, ಎರಡು. ಹೊರಗಿನದು ಮುಚ್ಚಿ ಚಿಲಕ ಬಿದ್ದ ಮೇಲೆ ಒಳಗಿನದು ತೆರೆಯಬೇಕು; ನಡುವಿನ ಪುಟ್ಟ ಅಂಕಣದಲ್ಲಿ ಚೈನು ಬಿಚ್ಚಬೇಕು. ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಬೇಲಿ ಹಾರಿ ಅಲ್ಲ, ಅರೆತೆರೆದ ಗೇಟಿನಲ್ಲಿ ನುಸುಳಿ. ರೇಬಿಸ್ ಚುಚ್ಚುಮದ್ದಿನ ಚೀಟಿ ನೋಡದೆ ಯಾರನ್ನೂ ಒಳಗೆ ಬಿಡಬಾರದು. ಸುತ್ತಲ ಬೀದಿನಾಯಿಗಳಿಗೂ ಅದೇ ಚುಚ್ಚುಮದ್ದನ್ನು ಹೊಲದವರೇ ಮುಂದೆ ನಿಂತು ಹಾಕಿಸಿದರೆ ಬೇಲಿಯ ಎರಡೂ ಬದಿಗೆ ಒಳ್ಳೆಯದು. ಬಾಡಿಗೆಯ ಹಣದಲ್ಲಿ ಅಷ್ಟಾದರೂ ಆಗಬೇಕು.

ಇನ್ನು ನೆಲ. ನಾಗಪುರದ್ದೂ ಮುಧೋಳದ್ದೂ ಒಂದೇ ಜಾತಿಯ ಕರಿಮಣ್ಣು, ಹತ್ತಿ ಬೆಳೆಯುವ ಎರೆ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲೆ ಮೇಲೆ ನೆಟ್ಟ ಕಂಬ ವರ್ಷದೊಳಗೆ ವಾಲುತ್ತದೆ, ಜಾಲರಿ ಸಡಿಲವಾಗುತ್ತದೆ. ಕುಣಿಯನ್ನು ಆಳವಾಗಿ ತೋಡಿ, ಎರೆಯನ್ನು ಪೂರ್ತಿ ತೆಗೆದು, ಗರಸು ತುಂಬಿ, ಆಮೇಲೆ ಕಾಂಕ್ರೀಟು ಹಾಕಬೇಕು. ಜಾಲರಿಯ ಅಂಚನ್ನು ಒಂದು ಮೊಳ ಮಣ್ಣೊಳಗೆ ಒಳಮುಖವಾಗಿ ಮಡಚಿ ಹೂಳಬೇಕು. ಇಷ್ಟೆಲ್ಲ ಮಾಡಿದರೂ ಜೂನಿನ ಮೊದಲ ದೊಡ್ಡ ಮಳೆಯ ಮರುದಿನ, ಗೇಟು ತೆರೆಯುವ ಮುಂಚೆ, ಹೊಲದವರು ಬೇಲಿಯ ಬುಡಕ್ಕೆ ಬಗ್ಗಿಕೊಂಡೇ ಒಂದು ಸುತ್ತು ಬರಬೇಕು. ಬಿರುಕು ಮುಚ್ಚಿದ ಕಡೆ ಮಣ್ಣು ಕುಸಿದು, ನಾಯಿಯ ತಲೆ ತೂರುವಷ್ಟು ಸಂದು ಅಲ್ಲೆಲ್ಲೋ ಬಿದ್ದಿರುತ್ತದೆ.