ಕೊನೆಯ ಅಧ್ಯಾಯದಿಂದ ಶುರುವಾದ ಕಾದಂಬರಿಗಳು

1935ರ ಏಪ್ರಿಲ್. ನ್ಯೂಯಾರ್ಕಿನ ಮ್ಯಾಕ್‌ಮಿಲನ್ ಪ್ರಕಾಶನದ ಸಂಪಾದಕ ಹೆರಾಲ್ಡ್ ಲೇಥಮ್ ಹೊಸ ಲೇಖಕರನ್ನು ಹುಡುಕುತ್ತ ಅಮೆರಿಕದ ದಕ್ಷಿಣದ ಊರು ಅಟ್ಲಾಂಟಾಕ್ಕೆ ಬಂದಿದ್ದರು. ಮಾರ್ಗರೆಟ್ ಮಿಚೆಲ್ ಎಂಬ ಮಾಜಿ ಪತ್ರಕರ್ತೆ ಕಾದಂಬರಿಯೊಂದನ್ನು ಬರೆದಿಟ್ಟಿದ್ದಾರೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಕೇಳಿದರೆ ಆಕೆ ಅಂಥದ್ದೇನೂ ಇಲ್ಲವೆಂದರು. ಕೊನೆಗೆ ಲೇಥಮ್ ಊರು ಬಿಡುವ ಹೊತ್ತಿಗೆ ತಾವೇ ಹೋಟೆಲ್ಲಿಗೆ ಬಂದು ಲಾಬಿಯಲ್ಲಿ ಕೂತರು. ಗಿಡ್ಡ ಆಳು, ಪಕ್ಕದಲ್ಲಿ ಪೇರಿಸಿಟ್ಟ ಹಸ್ತಪ್ರತಿಯ ರಾಶಿ ಹೆಚ್ಚುಕಡಿಮೆ ಅವರ ಭುಜದವರೆಗೆ ಬರುತ್ತಿತ್ತು. ಅದನ್ನು ಹೊತ್ತೊಯ್ಯಲು ಲೇಥಮ್ ಹೊಸದೊಂದು ಸೂಟ್‌ಕೇಸನ್ನೇ ಕೊಳ್ಳಬೇಕಾಯಿತು. ಬೆನ್ನಿಗೇ ಮಿಚೆಲ್ ಅವರಿಂದ ತಂತಿ ಬಂತು: ಮನಸ್ಸು ಬದಲಾಗಿದೆ, ವಾಪಸು ಕಳಿಸಿ. ಅಷ್ಟರಲ್ಲಿ ಲೇಥಮ್ ರೈಲಿನಲ್ಲಿ ಓದಲು ಶುರುಮಾಡಿಯಾಗಿತ್ತು.

ಓದುವುದೇನೂ ಸುಲಭವಿರಲಿಲ್ಲ. ಒಂದೊಂದು ಅಧ್ಯಾಯ ಒಂದೊಂದು ಕಂದು ಲಕೋಟೆಯಲ್ಲಿ. ಕೆಲವು ಲಕೋಟೆಗಳಲ್ಲಿ ಒಂದೇ ಅಧ್ಯಾಯದ ಹಲವು ಕರಡುಗಳು. ನಾಯಕಿಯ ಎರಡನೆಯ ಗಂಡ ಫ್ರಾಂಕ್ ಕೆನಡಿ ಒಂದು ಕರಡಿನಲ್ಲಿ ಕಾಯಿಲೆಯಿಂದ ಸಾಯುತ್ತಾನೆ, ಇನ್ನೊಂದರಲ್ಲಿ ಗುಂಡೇಟಿಗೆ. ನಡುನಡುವೆ ಕೊಂಡಿ ಕಳಚಿದ ಜಾಗಗಳು. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲ ಅಧ್ಯಾಯವೇ ಇರಲಿಲ್ಲ. ಕೊನೆಯ ಅಧ್ಯಾಯ ಮಾತ್ರ ಇತ್ತು, ಯಾಕೆಂದರೆ ಮಿಚೆಲ್ ಮೊಟ್ಟಮೊದಲು ಬರೆದದ್ದೇ ಅದನ್ನು.

‘ಗಾನ್ ವಿತ್ ದ ವಿಂಡ್’ ಹುಟ್ಟಿದ್ದು ಹೀಗೆ. 1926ರಲ್ಲಿ ಕಣಕಾಲಿನ ನೋವಿನಿಂದ ‘ಅಟ್ಲಾಂಟಾ ಜರ್ನಲ್’ ಪತ್ರಿಕೆಯ ಕೆಲಸ ಬಿಟ್ಟು ಮನೆ ಹಿಡಿದ ಹೆಂಡತಿಗೆ ಗ್ರಂಥಾಲಯದಿಂದ ಪುಸ್ತಕ ಹೊತ್ತು ತಂದು ಜಾನ್ ಮಾರ್ಷ್‌ಗೆ ಸಾಕಾಗಿತ್ತು. ನೀನೇ ಒಂದು ಬರೆಯಬಾರದೇಕೆ ಎಂದು ಟೈಪ್‌ರೈಟರ್ ತಂದುಕೊಟ್ಟರು. ದಂಪತಿಯ ಪುಟ್ಟ ಬಾಡಿಗೆ ಮನೆಯಲ್ಲಿ ನಾಯಕಿ ಗಂಡನನ್ನು ಕಳೆದುಕೊಂಡು ಒಂಟಿಯಾಗಿ ನಿಲ್ಲುವ ಅಂತ್ಯ ಮೊದಲು ಟೈಪ್ ಆಯಿತು. ಆ ಹೆಣ್ಣು ಅಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಎಂಬುದು ಮುಂದಿನ ಮೂರು ವರ್ಷಗಳ ಕೆಲಸವಾಯಿತು. ಮನಸ್ಸಿಗೆ ಬಂದ ಅಧ್ಯಾಯ ಬರೆಯುವುದು, ಲಕೋಟೆಗೆ ಹಾಕುವುದು, ನೆಂಟರಿಷ್ಟರು ಬಂದರೆ ಮುಚ್ಚಿಡುವುದು. ನಾಯಕಿಯ ಹೆಸರು ಆಗ ಪ್ಯಾನ್ಸಿ. ಸ್ಕಾರ್ಲೆಟ್ ಆದದ್ದು ಪುಸ್ತಕ ಒಪ್ಪಿಗೆಯಾದ ಮೇಲೆ.

ಹಿಂದುಮುಂದಾಗಿ ಬರೆದವರು ಕೊನೆಗೆ ತೆರಬೇಕಾದ ಸುಂಕ ಭಾರಿ. ಒಪ್ಪಂದಕ್ಕೆ ಸಹಿ ಬಿದ್ದ ನಂತರದ ತಿಂಗಳುಗಳಲ್ಲಿ ಮಿಚೆಲ್ ಮತ್ತು ಮಾರ್ಷ್ ಮಾಡಿದ್ದು ಪೂರ್ತಿ ಹೊಲಿಗೆಯ ಕೆಲಸ. ಮೊದಲ ಅಧ್ಯಾಯ ಬರೆಯಬೇಕು, ಎರಡು ಸಾವುಗಳಲ್ಲಿ ಒಂದನ್ನು ಆರಿಸಬೇಕು, ಅಂತರ್ಯುದ್ಧದ ಕದನಗಳ ತಾರೀಕುಗಳು ಪಾತ್ರಗಳ ವಯಸ್ಸಿಗೆ, ಮಕ್ಕಳ ಹುಟ್ಟಿಗೆ ಹೊಂದುತ್ತವೆಯೇ ಎಂದು ಪುಟ ಪುಟವೂ ತಾಳೆ ನೋಡಬೇಕು. 1936ರ ಜೂನ್ 30ರಂದು ಪುಸ್ತಕ ಹೊರಬಂದಾಗ ಅದು ಸಾವಿರ ಪುಟ ದಾಟಿತ್ತು. ಆರು ತಿಂಗಳಲ್ಲಿ 10 ಲಕ್ಷ ಪ್ರತಿ ಖರ್ಚಾಯಿತು, ಮರುವರ್ಷ ಪುಲಿಟ್ಜರ್ ಬಂತು. ಗುಲಾಮಗಿರಿಯ ಕಾಲವನ್ನು ಒಡೆಯರ ಕಣ್ಣಿನಿಂದಲೇ ನೋಡಿ ಹಂಬಲಿಸುವ ಆ ಕಾದಂಬರಿಯ ದೃಷ್ಟಿಯನ್ನು ಒಪ್ಪುವುದು ಇಂದು ಸಾಧ್ಯವಿಲ್ಲ. ಆದರೆ ಅದರ ಕಟ್ಟಡದಲ್ಲಿ ಹೊಲಿಗೆಯ ಗುರುತು ಹುಡುಕಿದರೂ ಸಿಗುವುದಿಲ್ಲ.

ಹೀಗೆ ಬರೆಯುವ ಸ್ವಾತಂತ್ರ್ಯ ಎಲ್ಲ ಕಾಲದ ಕಾದಂಬರಿಕಾರರಿಗೂ ಇರಲಿಲ್ಲ. 1836ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ಮಾಸಿಕ ಕಂತುಗಳಲ್ಲಿ ಬರತೊಡಗಿದ ಮೇಲೆ ಇಂಗ್ಲೆಂಡಿನಲ್ಲಿ ಕಾದಂಬರಿಯೆಂದರೆ ಕಂತು ಎಂಬಂತಾಯಿತು. ಚಾರ್ಲ್ಸ್ ಡಿಕನ್ಸ್ ಈ ತಿಂಗಳ ಕಂತು ಮುಗಿಸಿ ಅಚ್ಚಿಗೆ ಕೊಟ್ಟರೆ ಮುಗಿಯಿತು, ಹಿಂದೆ ಹೋಗಿ ತಿದ್ದುವಂತಿಲ್ಲ. ಮುಂದಿನ ಕಂತುಗಳಿಗೆ ಅವರು ಹಾಳೆಯ ಮೇಲೆ ಯೋಜನೆ ಬರೆದಿಟ್ಟುಕೊಳ್ಳುತ್ತಿದ್ದದ್ದು ಈ ಕಟ್ಟುಪಾಡಿನಿಂದಲೇ. ಕನ್ನಡದ ವಾರಪತ್ರಿಕೆಗಳಿಗೆ ವಾರವಾರವೂ ಧಾರಾವಾಹಿ ಬರೆದುಕೊಟ್ಟವರಿಗೆ ಈ ಒತ್ತಡದ ರುಚಿ ಚೆನ್ನಾಗಿ ಗೊತ್ತು.

ಆ ಕಾಲದಲ್ಲೂ ಹಿಂದಕ್ಕೆ ನಡೆದವರಿದ್ದರು. ಟಾಲ್‌ಸ್ಟಾಯ್ ಮೊದಲು ಕೈಗೆತ್ತಿಕೊಂಡ ಕಥೆ 1856ರದ್ದು: ರಾಜದ್ರೋಹದ ಆಪಾದನೆಯ ಮೇಲೆ ಸೈಬೀರಿಯಾಕ್ಕೆ ಗಡೀಪಾರಾಗಿದ್ದ ‘ಡಿಸೆಂಬ್ರಿಸ್ಟ್’ ಒಬ್ಬ ಮುದುಕನಾಗಿ ಮನೆಗೆ ಮರಳುತ್ತಾನೆ. ಅವನನ್ನು ಅರ್ಥಮಾಡಿಕೊಳ್ಳಬೇಕಾದರೆ ದಂಗೆಯೆದ್ದ 1825ಕ್ಕೆ ಹೋಗಬೇಕೆನಿಸಿತು. 1825ರ ಮನುಷ್ಯ ತಿಳಿಯಬೇಕಾದರೆ ಅವನ ಯೌವನದ 1812, ನೆಪೋಲಿಯನ್ ಮಾಸ್ಕೋಗೆ ನುಗ್ಗಿದ ವರ್ಷ. ಅಲ್ಲಿಗೆ ಹೋದಾಗ ರಷ್ಯದ ಗೆಲುವನ್ನಷ್ಟೇ ಬರೆದು ಅದಕ್ಕೂ ಮುಂಚಿನ ಸೋಲನ್ನು ಬಿಡುವುದು ನಾಚಿಕೆಗೇಡೆನಿಸಿ 1805ಕ್ಕೆ ಇಳಿದರು. ‘ವಾರ್ ಅಂಡ್ ಪೀಸ್’ ತೆರೆಯುವುದು ಆ ವರ್ಷದಲ್ಲಿ. ಹೊರಟ ಜಾಗಕ್ಕೆ ಕಾದಂಬರಿ ಬರಲೇ ಇಲ್ಲ. ‘ಡಿಸೆಂಬ್ರಿಸ್ಟರು’ ಕೆಲವೇ ಅಧ್ಯಾಯಗಳ ತುಣುಕಾಗಿ ಉಳಿಯಿತು.

ಎರಡೂ ತುದಿಗಳನ್ನು ಮೊದಲು ನೆಟ್ಟು ನಡುವನ್ನು ಸಾಯುವತನಕ ತುಂಬಿಸಿದವರು ಫ್ರಾನ್ಸಿನ ಮಾರ್ಸೆಲ್ ಪ್ರೂಸ್ತ್. ತಮ್ಮ ಮಹಾಕಾದಂಬರಿಯ ಕೊನೆಯ ಸಂಪುಟದ ಕೊನೆಯ ಅಧ್ಯಾಯವನ್ನು ಮೊದಲ ಸಂಪುಟದ ಮೊದಲ ಅಧ್ಯಾಯ ಮುಗಿದ ಕೂಡಲೇ ಬರೆದದ್ದಾಗಿ ಅವರು ಪತ್ರವೊಂದರಲ್ಲಿ ಹೇಳಿಕೊಂಡಿದ್ದಾರೆ. 1913ರಲ್ಲಿ ಪ್ರೂಸ್ತ್ ಸ್ವಂತ ಖರ್ಚಿನಲ್ಲಿ ಮೊದಲ ಸಂಪುಟ ಅಚ್ಚು ಮಾಡಿಸಿದಾಗ ಇಡೀ ಕೃತಿ ಮೂರು ಸಂಪುಟಗಳದ್ದೆಂಬ ಲೆಕ್ಕವಿತ್ತು. ಮರುವರ್ಷ ಮಹಾಯುದ್ಧ ಶುರುವಾಗಿ ಮುದ್ರಣ ನಿಂತಿತು. ಆ ಬಿಡುವಿನಲ್ಲಿ ನಡುಭಾಗ ಬೆಳೆಯಿತು, ಆಲ್ಬರ್ಟಿನ್ ಎಂಬ ಹುಡುಗಿಯ ಕಥೆ ಹೆಮ್ಮರವಾಯಿತು, ಮೂರು ಸಂಪುಟ ಏಳಾಯಿತು.

ಆ ಬೆಳವಣಿಗೆಯನ್ನು ಇಂದೂ ಕಣ್ಣಾರೆ ನೋಡಬಹುದು. ಪ್ರೂಸ್ತ್ ಬರೆಯುತ್ತಿದ್ದದ್ದು ಹಾಸಿಗೆಯಲ್ಲೇ, ರಾತ್ರಿಯಿಡೀ, ನೋಟ್‌ಪುಸ್ತಕಗಳಲ್ಲಿ. ಅಂಚುಗಳಲ್ಲಿ ಜಾಗ ತೀರಿದಾಗ ತುಂಡು ಕಾಗದದ ಮೇಲೆ ಸೇರಿಸುವುದು, ಅದಕ್ಕೆ ಇನ್ನೊಂದು, ಮತ್ತೊಂದು. ಇವನ್ನು ಪುಟದಂಚಿಗೆ ಅಂಟಿಸಿ ಬೀಸಣಿಗೆಯ ಹಾಗೆ ಮಡಚಿಡುವ ಕೆಲಸ ಮನೆಗೆಲಸದ ಸೆಲೆಸ್ತ್ ಅಲ್ಬಾರೆಯದು. ಕೆಲವು ಪಟ್ಟಿಗಳನ್ನು ಬಿಡಿಸಿದರೆ ಆಳುದ್ದ ಬರುತ್ತವೆ. 1922ರ ನವೆಂಬರಿನಲ್ಲಿ ಪ್ರೂಸ್ತ್ ತೀರಿಕೊಂಡಾಗ ಕೊನೆಯ ಮೂರು ಸಂಪುಟಗಳಿನ್ನೂ ಅಚ್ಚಾಗಿರಲಿಲ್ಲ. ಆರಂಭದಲ್ಲೇ ಬರೆದಿಟ್ಟ ಅಂತ್ಯ ಓದುಗರ ಕೈಗೆ ಸಿಕ್ಕಿದ್ದು 1927ರಲ್ಲಿ. ಅಂತ್ಯ ಮೊದಲೇ ಸಿದ್ಧವಿದ್ದುದರಿಂದಲೇ ಲೇಖಕನ ಸಾವಿನ ನಂತರವೂ ಆ ಕಾದಂಬರಿ ಮುರುಕು ಗೋಪುರವಾಗದೆ ಉಳಿಯಿತು.

ಈ ಪದ್ಧತಿಯನ್ನು ಶಿಸ್ತಾಗಿ ರೂಢಿಸಿಕೊಂಡವರೆಂದರೆ ವ್ಲಾದಿಮಿರ್ ನಬೊಕೊವ್. ಅವರದು ಗೆರೆ ಹಾಕಿದ ಇಂಡೆಕ್ಸ್ ಕಾರ್ಡುಗಳ ಲೋಕ. ಪುಸ್ತಕದ ಆಕಾರ ಮೊದಲು ತಲೆಯಲ್ಲಿ ಮೂಡಬೇಕು. ಆಮೇಲೆ ಬೇಕಾದ ಜಾಗದಿಂದ ಪದಬಂಧ ತುಂಬಿದ ಹಾಗೆ ತುಂಬಬಹುದು ಎಂಬುದು ಅವರ ಮಾತು. ಪೆನ್ಸಿಲಿನಲ್ಲಿ ಬರೆದ ಕಾರ್ಡುಗಳನ್ನು ಅನುಕ್ರಮಕ್ಕೆ ತಂದು ಅಂಕಿ ಹಾಕುತ್ತಿದ್ದದ್ದು ಕೊನೆಯಲ್ಲಿ, ಟೈಪ್ ಮಾಡುತ್ತಿದ್ದವರು ಪತ್ನಿ ವೇರಾ. ‘ಲೊಲಿಟಾ’ ಬರೆಯುತ್ತಿದ್ದ ಕಾಲದಲ್ಲಿ ಬೇಸಿಗೆಗಳಲ್ಲಿ ಚಿಟ್ಟೆ ಹಿಡಿಯಲು ಅಮೆರಿಕದ ಪಶ್ಚಿಮಕ್ಕೆ ಹೋದಾಗಲೂ ಕಾರ್ಡುಗಳು ಜೊತೆಗಿರುತ್ತಿದ್ದವು. ನಿಲ್ಲಿಸಿದ ಕಾರಿನ ಹಿಂದಿನ ಸೀಟೇ ರಾತ್ರಿಯ ಬರವಣಿಗೆಯ ಕೋಣೆ.

ಆದರೆ ಅನುಕ್ರಮವೆಲ್ಲ ಲೇಖಕನ ತಲೆಯಲ್ಲೇ ಇದ್ದರೆ ತಲೆಯೊಂದಿಗೆ ಅದೂ ಹೋಗುತ್ತದೆ. 1977ರಲ್ಲಿ ನಬೊಕೊವ್ ತೀರಿಕೊಂಡಾಗ ‘ದ ಒರಿಜಿನಲ್ ಆಫ್ ಲಾರಾ’ ಕಾದಂಬರಿಯ 138 ಕಾರ್ಡುಗಳಿದ್ದವು. ಸುಟ್ಟುಬಿಡಿ ಎಂದಿದ್ದರು, ವೇರಾ ಸುಡಲಿಲ್ಲ. ಮಗ ದಿಮಿತ್ರಿ 2009ರಲ್ಲಿ ಪ್ರಕಟಿಸಿದಾಗ ಕಾರ್ಡುಗಳ ಚಿತ್ರಗಳನ್ನು ಹರಿದು ತೆಗೆದು ಬೇರೆ ಕ್ರಮದಲ್ಲಿ ಜೋಡಿಸಿಕೊಳ್ಳಲು ಬರುವಂತೆ ಪುಸ್ತಕ ರೂಪಿಸಲಾಗಿತ್ತು. ತಂದೆಯ ಕ್ರಮ ಯಾವುದಿತ್ತೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಅಚ್ಚಾದ ಪುಸ್ತಕ ತಾನು ಹುಟ್ಟಿದ ಕ್ರಮವನ್ನು ಬಚ್ಚಿಡುತ್ತದೆ. ಒಂದನೆಯ ಪುಟವೇ ಮೊದಲು ಬರೆದದ್ದೆಂದು ಓದುಗ ನಂಬುತ್ತಾನೆ, ಬರೆಯಲು ಹೊರಟ ಹೊಸಬರೂ ನಂಬಿ ಮೊದಲ ಪುಟದ ಮುಂದೆ ತಿಂಗಳುಗಟ್ಟಲೆ ಕೂತು ಸೋಲುತ್ತಾರೆ. ನಿಜ ಹೇಳುವುದು ಕರಡು ಕಾಗದಗಳು ಮಾತ್ರ. ಪ್ರೂಸ್ತ್‌ರ ನೋಟ್‌ಪುಸ್ತಕಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಭದ್ರವಾಗಿವೆ. ಮಿಚೆಲ್‌ರ ಹೆಚ್ಚಿನ ಹಾಳೆಗಳು 1949ರಲ್ಲಿ ಅವರ ಸಾವಿನ ನಂತರ ಅವರ ಇಚ್ಛೆಯಂತೆಯೇ ಬೆಂಕಿಗೆ ಬಿದ್ದವು. ಆದರೆ ಕೊನೆಯ ನಾಲ್ಕು ಅಧ್ಯಾಯಗಳ ಟೈಪ್ ಪ್ರತಿ ಕನೆಕ್ಟಿಕಟ್‌ನ ಪೀಕ್ವಾಟ್ ಗ್ರಂಥಾಲಯದಲ್ಲಿ ಇರುವುದು 2011ರಲ್ಲಿ ಬೆಳಕಿಗೆ ಬಂತು.

ಕನ್ನಡದ ಕಾದಂಬರಿಕಾರರ ಮನೆಗಳ ಅಟ್ಟದ ಮೇಲೂ ಇಂಥ ಕಟ್ಟುಗಳಿರಬಹುದು. ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಸೇರಿಸಿದ ಮಾತು, ಬಿಟ್ಟುಬಿಟ್ಟ ಅಧ್ಯಾಯ, ಪುಟಸಂಖ್ಯೆ ತಿದ್ದಿದ ಹಾಳೆ, ಎಲ್ಲವೂ ಬೇಕಾದದ್ದೇ. ಪುಸ್ತಕ ಅಚ್ಚಾಗಿದೆಯಲ್ಲ ಎಂದು ಮನೆಯವರು ಅವನ್ನು ರದ್ದಿಗೆ ಹಾಕಬಾರದು. ಹಾಳೆಗಳು ಇದ್ದ ಅನುಕ್ರಮವನ್ನು ಕದಲಿಸದೆ, ದಾರ ಬಿಚ್ಚದೆ, ಒಳ್ಳೆಯ ಗ್ರಂಥಾಲಯವೊಂದಕ್ಕೆ ಒಪ್ಪಿಸಲಿ.