ಹಿಟ್ಟಿನ ಊಟದ ಹಿಂದಿನ ಚರಿತ್ರೆ

ಮಂಡ್ಯ, ತುಮಕೂರು, ಹಾಸನ, ಕೋಲಾರ ಮತ್ತು ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ‘ಹಿಟ್ಟು’ ಎಂದರೆ ಬರಿಯ ಪುಡಿಯಲ್ಲ. ರಾಗಿಮುದ್ದೆಗೇ ಆ ಹೆಸರು. ‘ಹಿಟ್ಟುಂಡೆಯಾ ಮಗಾ?’ ಎಂದು ಅಜ್ಜಿಯರು ಕೇಳುತ್ತಿದ್ದುದಕ್ಕೆ ಊಟವಾಯಿತೇ ಎಂದೇ ಅರ್ಥ. ಅನ್ನ ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಯವರಿಗೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ದೂರದ ದೇಶಗಳಿಂದ ‘ಸಾರ್, ಎಲ್ಲ ಸಿಗುತ್ತದೆ, ಸೊಪ್ಪಿನ ಸಾರು ಮುದ್ದೆ ಮಾತ್ರ ಕನಸಿನಲ್ಲಿ ಬರುತ್ತದೆ’ ಎಂದು ಬರೆಯುತ್ತಾರೆ. ಅವರಿಗೆ ಬರೆಯಲು ಕುಳಿತ ಉತ್ತರವೇ ಬೆಳೆದು ಈ ಬರಹವಾಗಿದೆ. ಮೇಷ್ಟ್ರ ಕೈಯಲ್ಲಿ ಅಡುಗೆಯೂ ಪಾಠವಾಗುತ್ತದೆ, ಸಹಿಸಿಕೊಳ್ಳಬೇಕು.

ರಾಗಿ ನಮ್ಮ ಮಣ್ಣಿನಲ್ಲೇ ಹುಟ್ಟಿದ್ದೆಂದು ನಾವೆಲ್ಲ ನಂಬಿರುತ್ತೇವೆ. ಸಸ್ಯವಿಜ್ಞಾನಿಗಳು ಹೇಳುವುದು ಬೇರೆ. ಅದರ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು, ಅಂದರೆ ಇಥಿಯೋಪಿಯ, ಉಗಾಂಡಗಳ ಕಡೆ. ಅಲ್ಲಿಂದ ಅದು ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂತು. ಯಾವ ಕಾಲದಲ್ಲಿ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಡಾ. ಎಂ.ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ರಾಗಿಯ ಕಾಳುಗಳು ದೊರೆತವೆಂದು ವರದಿಯಾಗಿತ್ತು. ಅವು ರಾಗಿಯೇ ಹೌದೇ ಎಂದು ಅನಂತರದವರು ಪ್ರಶ್ನಿಸಿದ್ದಾರೆ. ಇರಲಿ. ಉಗಾಂಡದ ಪಶ್ಚಿಮ ಭಾಗದಲ್ಲಿ ಇಂದಿಗೂ ರಾಗಿಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ ‘ಕಾಲೊ’ ಎಂಬ ಗಟ್ಟಿ ಮುದ್ದೆಯನ್ನು ಮಾಡುತ್ತಾರೆ. ಸಮುದ್ರದ ಆಚೆ ನಮ್ಮ ಊಟಕ್ಕೆ ಇಷ್ಟು ಹತ್ತಿರದ ದಾಯಾದಿ ಇರುವುದು ನಮ್ಮ ಎಷ್ಟು ಜನಕ್ಕೆ ಗೊತ್ತು?

ನಮ್ಮ ಅರಸರ ಕಾಲದ ಅಡುಗೆಯ ಬಗ್ಗೆ ಗ್ರಂಥಗಳಿಗೆ ಕೊರತೆಯಿಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವಿದೆ, ಮಂಗರಸನ ‘ಸೂಪಶಾಸ್ತ್ರ’ವಿದೆ. ಆದರೆ ಅವು ಉಳ್ಳವರ ಊಟದ ಸೊಗಸಿಗಾಗಿ ಹುಟ್ಟಿದವು. ಬಡವರ ಧಾನ್ಯವನ್ನು ಕಥಾನಾಯಕನನ್ನಾಗಿ ಮಾಡಿ ಕಾವ್ಯ ಬರೆಯಲು ಕನಕದಾಸರೇ ಬರಬೇಕಾಯಿತು. ಅವರ ‘ರಾಮಧಾನ್ಯಚರಿತೆ’ ಭಾಮಿನಿ ಷಟ್ಪದಿಯಲ್ಲಿರುವ ಪುಟ್ಟ ಕಾವ್ಯ. ಲಂಕೆಯಿಂದ ಹಿಂದಿರುಗುವ ರಾಮನಿಗೆ ಮುನಿಗಳ ಆಶ್ರಮದಲ್ಲಿ ಸತ್ಕಾರ ನಡೆಯುತ್ತದೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಬರುತ್ತದೆ. ಗೌತಮರು ನರೆದಲೆಗ, ಅಂದರೆ ರಾಗಿ, ಎನ್ನುತ್ತಾರೆ. ವ್ರೀಹಿ, ಅಂದರೆ ಭತ್ತ, ಸಿಟ್ಟಾಗುತ್ತದೆ. ತುಂಬಿದ ಸಭೆಯಲ್ಲಿ ಎರಡೂ ಬೈದಾಡಿಕೊಳ್ಳುತ್ತವೆ. ಭತ್ತ ತನ್ನ ಕುಲದ ಹಿರಿಮೆಯನ್ನು ಹೇಳಿಕೊಂಡರೆ, ನೀನು ಬಲ್ಲಿದರ ಗೆಳೆಯ, ಬಡವರ ಕಂಡರೆ ನಿನಗಾಗದು ಎಂಬುದು ರಾಗಿಯ ಉತ್ತರದ ತಿರುಳು. ರಾಮ ತೀರ್ಪು ಕೊಡುವ ಅವಸರ ಮಾಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಂದಿಹೋಗಿರುತ್ತದೆ; ನರೆದಲೆಗ ಗಟ್ಟಿಯಾಗಿಯೇ ಇರುತ್ತದೆ. ಮೆಚ್ಚಿದ ರಾಮ ಅದಕ್ಕೆ ತನ್ನ ‘ರಾಘವ’ ಎಂಬ ಹೆಸರನ್ನೇ ಕೊಡುತ್ತಾನೆ.

ಪದವ್ಯುತ್ಪತ್ತಿಯಾಗಿ ಇದನ್ನು ಒಪ್ಪಬೇಕಾಗಿಲ್ಲ. ಆದರೆ ಕನಕದಾಸರು ಆರಿಸಿಕೊಂಡ ಪರೀಕ್ಷೆಯನ್ನು ಗಮನಿಸಿ. ರುಚಿಯ ಪರೀಕ್ಷೆಯಲ್ಲ, ಬಣ್ಣದ ಪರೀಕ್ಷೆಯಲ್ಲ, ದಾಸ್ತಾನಿನ ಪರೀಕ್ಷೆ. ಒಕ್ಕಲುತನದ ಒಳಮರ್ಮ ಬಲ್ಲವರಿಗೆ ಮಾತ್ರ ಹೊಳೆಯುವ ಉಪಾಯವದು. ರಾಗಿಯ ಕಾಳು ಬಲು ಸಣ್ಣದು, ಹುಳು ಹತ್ತುವುದು ಕಡಿಮೆ. ಹಳೆಯ ಊರುಗಳಲ್ಲಿ ನೆಲದಡಿ ಹಗೇವು ತೋಡಿ, ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಎಚ್ಚರ ಬೇಕು: ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಬ್ಯಾಂಕಿನ ಠೇವಣಿಯಿಲ್ಲದ ಕಾಲದಲ್ಲಿ ಹಗೇವೇ ಠೇವಣಿ. ಹೆಣ್ಣು ಕೊಡುವವರು ಹಗೇವಿನಲ್ಲಿ ರಾಗಿ ಎಷ್ಟಿದೆ ಎಂದು ವಿಚಾರಿಸುತ್ತಿದ್ದರಂತೆ!

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯಲ್ಲಿ ಸಂಚರಿಸಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಬೆದ್ದಲು ಭೂಮಿಯ ಬೆಳೆಗಳಲ್ಲೆಲ್ಲ ರಾಗಿಯೇ ಮುಖ್ಯವೆಂದೂ, ಸಾಮಾನ್ಯ ಜನರ ಆಹಾರ ಅದೇ ಎಂದೂ ಬರೆದಿದ್ದಾನೆ. ಉಳುಮೆ, ಬಿತ್ತನೆ, ರಾಗಿಯ ಸಾಲಿನ ನಡುವೆ ಬೆಳೆಯುವ ಅವರೆ ಮುಂತಾದವನ್ನು ಬೇಸರವಿಲ್ಲದೆ ಬರೆದುಕೊಂಡಿದ್ದಾನೆ. ಆ ಅಕ್ಕಡಿ ಸಾಲಿನ ಅವರೆಯೇ ಮಾರ್ಗಶಿರದ ಚಳಿಯಲ್ಲಿ ಹಿತಕಿದ ಬೇಳೆಯ ಸಾರಾಗಿ ಮುದ್ದೆಯ ಪಕ್ಕಕ್ಕೆ ಬರುವುದು. ಹೊಲದಲ್ಲಿ ಜೊತೆಗಿದ್ದದ್ದು ತಟ್ಟೆಯಲ್ಲಿಯೂ ಜೊತೆ.

ಹಗೇವು ಕೂಡ ಕೈಬಿಟ್ಟ ಕಾಲವೊಂದಿತ್ತು. 1875 ಮತ್ತು 1876ರಲ್ಲಿ ಒಂದರ ಮೇಲೊಂದು ಮಳೆ ತಪ್ಪಿತು. 1876–78ರ ಮಹಾಕ್ಷಾಮವೆಂದು ಚರಿತ್ರೆಯಲ್ಲಿ ದಾಖಲಾದದ್ದು ಇದೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷಕ್ಕೆ ತುಸು ಮೇಲಿತ್ತು. 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷಗಳಲ್ಲಿ ಏರಬೇಕಾದ ಸಂಖ್ಯೆ ಇಷ್ಟು ಇಳಿದಿದೆ ಎಂದರೆ ಹಸಿವು ಎಷ್ಟು ಮನೆಗಳ ಒಲೆ ಆರಿಸಿರಬೇಕು, ನೀವೇ ಊಹಿಸಿ. ಇತಿಹಾಸದ ಪಠ್ಯದಲ್ಲಿ ಈ ಕ್ಷಾಮಕ್ಕೆ ಎರಡು ಸಾಲು ಮೀಸಲು; ಯುದ್ಧಗಳಿಗೆ ಪುಟಗಟ್ಟಲೆ. ಪಾಠ ಮಾಡುವಾಗಲೆಲ್ಲ ಇದು ನನ್ನನ್ನು ಚುಚ್ಚುತ್ತಿತ್ತು. ನಮ್ಮ ಹಿರಿಯರು ತಟ್ಟೆಯಲ್ಲಿ ಒಂದು ತುತ್ತು ಹಿಟ್ಟು ಬಿಟ್ಟರೆ ಗದರುತ್ತಿದ್ದುದರ ಮೂಲ ಬಹುಶಃ ಅಲ್ಲಿದೆ.

ಇಪ್ಪತ್ತನೆಯ ಶತಮಾನದ ಕಥೆ ಇನ್ನೂ ಸ್ವಾರಸ್ಯದ್ದು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಮೊದಲು ಇರ್ವಿನ್ ನಾಲೆ ಎನಿಸಿಕೊಂಡು ಅನಂತರ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆ ಮಂಡ್ಯದ ಒಣ ನೆಲಕ್ಕೆ ನೀರು ತಂದಿತು. ರಾಗಿಯ ಹೊಲಗಳು ಭತ್ತದ, ಕಬ್ಬಿನ ಗದ್ದೆಗಳಾದವು. ರಾಗಿಯ ಕಥೆ ಮುಗಿಯಿತೆಂದು ಆಗ ಯಾರಾದರೂ ಹೇಳಿದ್ದರೆ ತಪ್ಪೆನಿಸುತ್ತಿರಲಿಲ್ಲ. ಆದರೆ ಅದೇ ನಾಲೆಯ ಹೆಸರು ಹೊತ್ತ ಮಂಡ್ಯದ ವಿ.ಸಿ. ಫಾರಂನಲ್ಲಿ ಕುಳಿತು ರಾಗಿಯನ್ನು ಉಳಿಸಿದವರು ಲಕ್ಷ್ಮಣಯ್ಯನವರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ರಾಗಿಯ ಹೂವು ಎಷ್ಟು ಚಿಕ್ಕದೆಂದರೆ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ ತಳಿ ಕೂಡಿಸುವುದು ಕಣ್ಣು ಕೈಗಳಿಗೆ ತಪಸ್ಸು. ಅವರು ಅದನ್ನು ದಶಕಗಳ ಕಾಲ ಮಾಡಿದರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಮೊದಲು ಬಂದವು. 1960ರ ದಶಕದಿಂದ ಅವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರಗೊಳಿಸಿದರು. ‘ಇಂಡಿಯ’ದ ಇಂಡ್, ‘ಆಫ್ರಿಕ’ದ ಆಫ್ ಸೇರಿ ‘ಇಂಡಾಫ್’ ತಳಿಗಳಾದವು. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಒಡಹುಟ್ಟುಗಳನ್ನು ಮಂಡ್ಯದ ಪಾತಿಯಲ್ಲಿ ಮತ್ತೆ ಕೂಡಿಸಿದಂತಾಯಿತು! ಇಳುವರಿ ಎಷ್ಟೋ ಹೆಚ್ಚಿತು. ಸಿನಿಮಾ ನಟರ ಹೆಸರುಗಳನ್ನು ತಾರೀಖಿನೊಂದಿಗೆ ಹೇಳುವ ನಮ್ಮ ಹುಡುಗರಲ್ಲಿ ಈ ಹೆಸರನ್ನು ಕೇಳಿದವರು ವಿರಳ.

ಇಳುವರಿ ಹೆಚ್ಚಿದರೂ ಮರ್ಯಾದೆ ಹೆಚ್ಚಲಿಲ್ಲ, ಇದೇ ನನ್ನ ಸಂಕಟ. ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ಮಧ್ಯಾಹ್ನ ಮಕ್ಕಳು ಬೇವಿನ ಮರದಡಿ ಡಬ್ಬಿ ಬಿಚ್ಚುತ್ತಿದ್ದರು. ಅನ್ನ, ಚಿತ್ರಾನ್ನ ತಂದವರು ನಡುವೆ. ರಾಗಿರೊಟ್ಟಿ ತಂದವರು ಅಂಚಿಗೆ. ಒಬ್ಬ ಹುಡುಗಿ ಡಬ್ಬಿಯ ಮುಚ್ಚಳವನ್ನು ಅಡ್ಡ ಹಿಡಿದು ತಿನ್ನುತ್ತಿದ್ದುದನ್ನು ನಾನು ಹಲವು ದಿನ ನೋಡಿದೆ. ಮರುದಿನ ಪಠ್ಯವನ್ನು ಬದಿಗಿಟ್ಟು ರಾಮಧಾನ್ಯದ ಕಥೆ ಹೇಳಿದೆ. ಭತ್ತ ಸೋತಾಗ ತರಗತಿಯೆಲ್ಲ ಚಪ್ಪಾಳೆ. ಹಿಂದಿನ ಬೆಂಚಿನಿಂದ ಒಬ್ಬ, ‘ಸಾರ್, ಇವತ್ತು ನಿಮ್ಮ ಡಬ್ಬೀಲಿ ಏನು?’ ಎಂದ. ಅವಲಕ್ಕಿ ಎಂದೆ. ‘ಅದೂ ಅಕ್ಕಿಯೇ ಸಾರ್!’ ಎಂದು ಕೂಗಿದ. ಮುಚ್ಚಳ ಅಡ್ಡ ಹಿಡಿಯುತ್ತಿದ್ದವಳೂ ನಕ್ಕಳು. ಈ ಪುಟವನ್ನು ಓದುತ್ತಿದ್ದರೆ ಆ ಹಿಂದಿನ ಬೆಂಚಿನವನಿಗೆ ತನ್ನ ಗುರುತು ಸಿಕ್ಕೀತು.

ಆ ನಾಚಿಕೆ ಮಕ್ಕಳದಾಗಿರಲಿಲ್ಲ, ದೊಡ್ಡವರು ಕೊಟ್ಟದ್ದು. ‘ಒರಟು ಧಾನ್ಯ’ ಎಂದು ಸರ್ಕಾರಿ ಕಡತಗಳೇ ಕರೆದವು. ಈಗ ಗಾಳಿ ತಿರುಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದು ತೀರ ಕಡಿಮೆ ಎಂದು ವೈದ್ಯರು ಹೇಳತೊಡಗಿದ ಮೇಲೆ ನಗರದವರು ಎಚ್ಚೆತ್ತರು. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. 2013ರ ಅನ್ನಭಾಗ್ಯದಿಂದ ಬಡವರ ಮನೆಗೆ ಅಕ್ಕಿ ಬಂತು. ಹಸಿವು ನೀಗಿದ್ದನ್ನು ನಾನು ಹಗುರವಾಗಿ ಕಾಣಲಾರೆ. ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿಯನ್ನೂ ಸೇರಿಸಿದ್ದು ಒಳ್ಳೆಯದಾಯಿತು. 2024ರಲ್ಲಿ ಶಾಲಾಮಕ್ಕಳ ಹಾಲಿಗೆ ರಾಗಿ ಮಾಲ್ಟ್ ಸೇರಿತು. ಆದರೆ ಹೋಟೆಲಿನಲ್ಲಿ ಮುದ್ದೆಯ ಬೆಲೆ ಕೇಳಿದಾಗ, ಅದನ್ನು ದಿನವೂ ಉಂಡು ಹೊಲ ಉತ್ತವನಿಗೆ ಅದರಲ್ಲಿ ಎಷ್ಟು ಪಾಲು ಸಿಗುತ್ತದೋ ಎಂದು ಲೆಕ್ಕ ಹಾಕುವ ನನ್ನ ಚಾಳಿ ಹೋಗಿಲ್ಲ.

ಇನ್ನು ಕೇಳಿದವರಿಗೆ ಮುದ್ದೆಯ ವಿಧಾನ. ಒಂದು ಅಳತೆ ಹಿಟ್ಟಿಗೆ ಸುಮಾರು ಎರಡು ಅಳತೆ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಕುದಿಸಿ. ಕುದಿ ಬಂದಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ, ಕಲಕಬೇಡಿ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಉರಿ ತಗ್ಗಿಸಿ, ಏಳೆಂಟು ನಿಮಿಷ ಬೇಯಲು ಬಿಡಿ. ಅವಸರಪಟ್ಟವರ ಮುದ್ದೆಯಲ್ಲೇ ಗಂಟು, ಹಸಿವಾಸನೆ. ಆಮೇಲೆ ಪಾತ್ರೆಯನ್ನು ಭದ್ರವಾಗಿ ಹಿಡಿದು (ನಮ್ಮ ತಾಯಂದಿರು ಇದಕ್ಕೆ ಕವೆಗೋಲು ಬಳಸುತ್ತಿದ್ದರು) ತೋಳಿನ ಬಲವೆಲ್ಲ ಬಿಟ್ಟು ತೊಳಸಿ. ನೀರು ಚಿಮುಕಿಸಿ, ಎರಡು ನಿಮಿಷ ಮುಚ್ಚಿಟ್ಟು, ಒದ್ದೆ ಮಾಡಿದ ಮಣೆಯ ಮೇಲೆ ಹಾಕಿ, ಒದ್ದೆ ಕೈಯಲ್ಲಿ ಬಿಸಿಬಿಸಿಯಾಗಿರುವಾಗಲೇ ಉಂಡೆ ಕಟ್ಟಿ. ಅಗಿಯಬೇಡಿ; ಸಾರಿನಲ್ಲಿ ಅದ್ದಿ ನುಂಗಿ. ಪರದೇಶದ ಸೊಸೆಯಂದಿರಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹಲ್ಲಿಗಂಟಿ ಮೊದಲ ದಿನವೇ ಜಗಳವಾದೀತು.

ಪಕ್ಕಕ್ಕೆ ಯಾವ ಸಾರು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿಯೇ ಎರಡು ಪಕ್ಷಗಳಿವೆ. ನಾನು ಉಪ್ಸಾರಿನ ಕಡೆಯವನು, ನನ್ನಾಕೆ ಬಸ್ಸಾರಿನ ಕಡೆಯವಳು. ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟಿನ ಆ ವಿಚಾರವನ್ನು ಮುಂದಿನ ವಾರ ಅವಳನ್ನೇ ಕೇಳಿ ಬರೆಯುತ್ತೇನೆ.